ಒಮ್ಮೆಯೂ ಸೋಲದ ರಾಕಿ

ನನ್ನ ಮೊಮ್ಮಗನಿಗೆ ಸೋಲೆಂದರೆ ಆಗದು. ಓದುತ್ತಿರುವುದು ಆರನೇ ತರಗತಿ. ಕೇರಂ ಆಡುವಾಗ ಎದುರಿನವರದು ಒಂದೇ ಕಾಯಿ ಉಳಿದಿದೆ, ತನ್ನದು ಇನ್ನೂ ಐದಾರು ಇವೆ ಎಂದು ಗೊತ್ತಾದ ಕೂಡಲೇ ಅವನ ಮೊಣಕೈ ಹೇಗೋ ಬೋರ್ಡಿಗೆ ತಗಲಿಬಿಡುತ್ತದೆ. ಕಾಯಿಗಳೆಲ್ಲ ಚೆಲ್ಲಾಪಿಲ್ಲಿ. ದಸರಾ ರಜೆಯಲ್ಲಿ ಹೀಗೆ ಮೂರನೇ ಸಲ ಬೋರ್ಡು ಅಲ್ಲಾಡಿದಾಗ ನಾನು ಸ್ವಲ್ಪ ಗದರಿದೆ. ಅವನು ಮುಖ ಊದಿಸಿಕೊಂಡು ಕೇಳಿದ: “ತಾತ, ಒಂದ್ಸಲಾನೂ ಸೋಲದೇ ಇರೋರು ಯಾರಾದ್ರೂ ಇದಾರಾ?”

‘ಇಲ್ಲ’ ಎನ್ನಲು ಬಾಯಿ ತೆರೆದವನು ಅಲ್ಲೇ ನಿಂತೆ. ಒಬ್ಬನಿದ್ದ. ರಾಕಿ ಮಾರ್ಸಿಯಾನೊ. ಅಮೆರಿಕದ ಹೆವಿವೇಟ್ ಬಾಕ್ಸರ್. ಆಡಿದ್ದು 49 ಪಂದ್ಯ, ಗೆದ್ದದ್ದು 49. ಸೋಲು ಸೊನ್ನೆ, ಡ್ರಾ ಕೂಡ ಸೊನ್ನೆ. ಅದರಲ್ಲಿ 43 ಪಂದ್ಯಗಳಲ್ಲಿ ಎದುರಾಳಿಗೆ ಕೊನೆಯ ಗಂಟೆಯ ತನಕ ನಿಲ್ಲಲು ಆಗಲೇ ಇಲ್ಲ. ಹೆವಿವೇಟ್ ಪಟ್ಟಕ್ಕೇರಿ, ಒಂದು ಸೋಲನ್ನೂ ಕಾಣದೆ ಕೈಗವಸು ಬಿಚ್ಚಿಟ್ಟವನು ಇವನೊಬ್ಬನೇ.

ಮೊಮ್ಮಗನ ಕಣ್ಣು ಅರಳಿತು. ‘ನೋಡಿದ್ಯಾ!’ ಎಂಬಂತೆ ನನ್ನತ್ತ ನೋಡಿದ. ನನಗೆ ತಿಳಿದದ್ದನ್ನು ಅವನಿಗೆ ಎರಡು ಸಂಜೆ ಕೂತು ಹೇಳಿದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಬೂಟಿನ ಊರಿನ ಹುಡುಗ

ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ ಬ್ರಾಕ್ಟನ್ ಎಂಬ ಊರಿದೆ. ಒಂದು ಕಾಲಕ್ಕೆ ಅದು ಬೂಟುಗಳ ಊರು. ಎಲ್ಲಿ ನೋಡಿದರೂ ಬೂಟಿನ ಕಾರ್ಖಾನೆಗಳು, ಗಾಳಿಯಲ್ಲಿ ಚರ್ಮದ ವಾಸನೆ. ಇಟಲಿಯಿಂದ ವಲಸೆ ಬಂದ ಪಿಯರಿನೊ ಮಾರ್ಕೆಜಿಯಾನೊ ಅಂಥ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಮೊದಲನೇ ಮಹಾಯುದ್ಧದಲ್ಲಿ ವಿಷಾನಿಲಕ್ಕೆ ಸಿಕ್ಕಿ ಬಂದವನು, ಆರೋಗ್ಯ ಅಷ್ಟಕ್ಕಷ್ಟೇ. ಹೆಂಡತಿ ಪಾಸ್ಕ್ವಲೀನಾ. ಅವರ ಆರು ಮಕ್ಕಳಲ್ಲಿ ಹಿರಿಯವನೇ ರೊಕ್ಕೊ. ಹುಟ್ಟಿದ್ದು 1923ರ ಸೆಪ್ಟೆಂಬರ್ 1ರಂದು. ಒಂದೂವರೆ ವರ್ಷದವನಾಗಿದ್ದಾಗ ನ್ಯುಮೋನಿಯಾ ಬಂದು ಮಗು ಕೈಬಿಟ್ಟೇ ಹೋಗುವಂತಾಗಿತ್ತು. ಹೇಗೋ ಉಳಿಯಿತು.

ಹುಡುಗ ರೊಕ್ಕೊ ಮಧ್ಯಾಹ್ನ ಅಪ್ಪನಿಗೆ ಊಟದ ಬುತ್ತಿ ಕೊಡಲು ಕಾರ್ಖಾನೆಗೆ ಹೋಗುತ್ತಿದ್ದ. ಯಂತ್ರದ ಮುಂದೆ ಬಗ್ಗಿ ನಿಂತ, ದಿನದಿನಕ್ಕೂ ಸವೆಯುತ್ತಿದ್ದ ಅಪ್ಪನನ್ನು ನೋಡುತ್ತಿದ್ದ. ಮುಂದೆ ತಾನೂ ಸ್ವಲ್ಪ ಕಾಲ ಬೂಟಿನ ಕೆಲಸ ಮಾಡಿದ. ಆ ಚರ್ಮದ ವಾಸನೆ ಅವನಿಗೆ ಹಿಡಿಸಲಿಲ್ಲ. ಹತ್ತನೇ ತರಗತಿಯ ನಂತರ ಶಾಲೆ ಬಿಟ್ಟ. ಮಂಜುಗಡ್ಡೆಯ ಲಾರಿಯಲ್ಲಿ ದುಡಿದ, ಗುಂಡಿ ತೋಡಿದ, ರೈಲು ಹಳಿ ಹಾಕುವ ಕೂಲಿ ಮಾಡಿದ. ಬಡವರ ಮನೆಯ ಹಿರಿಮಗ ಮಾಡುವ ಎಲ್ಲ ಕೆಲಸಗಳನ್ನೂ ಮಾಡಿದ ಎಂದರೆ ಸಾಕು. 1943ರಲ್ಲಿ ಸೈನ್ಯದ ಕರೆ ಬಂತು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿದ್ದುಕೊಂಡು, ಕಡಲ ಕಾಲುವೆಯಾಚೆಯ ನಾರ್ಮಂಡಿಗೆ ಸರಕು ಸಾಗಿಸುವ ಪಡೆಯಲ್ಲಿ ಕೆಲಸ ಮಾಡಿದ.

ಅವನ ಕನಸು ಬಾಕ್ಸಿಂಗ್ ಆಗಿರಲಿಲ್ಲ ಎಂದರೆ ನಂಬುತ್ತೀರಾ? ಅವನಿಗೆ ಬೇಸ್‌ಬಾಲ್ ಆಟಗಾರನಾಗಬೇಕಿತ್ತು. ನಮ್ಮ ಕ್ರಿಕೆಟ್ಟಿನಲ್ಲಿ ವಿಕೆಟ್ ಕೀಪರ್ ಇದ್ದಂತೆ ಬೇಸ್‌ಬಾಲ್‌ನಲ್ಲಿ ಕ್ಯಾಚರ್ ಇರುತ್ತಾನೆ. ರೊಕ್ಕೊ ಕ್ಯಾಚರ್. 1947ರಲ್ಲಿ ಷಿಕಾಗೊ ಕಬ್ಸ್ ತಂಡದವರ ಕಿರಿಯರ ತಂಡಕ್ಕೆ ಆಯ್ಕೆ ನಡೆದಾಗ ಗೆಳೆಯರೊಂದಿಗೆ ನಾರ್ತ್ ಕೆರೊಲಿನಾದವರೆಗೂ ಹೋದ. ಕೆಲವೇ ವಾರಗಳಲ್ಲಿ ವಾಪಸು ಕಳಿಸಿದರು. ಕಾರಣ, ತಾನು ಕೂತ ಜಾಗದಿಂದ ಎರಡನೇ ಬೇಸಿಗೆ ಚೆಂಡನ್ನು ನೆಟ್ಟಗೆ ಎಸೆಯಲು ಅವನ ಕೈಗೆ ಬಲ ಸಾಲದು!

ಇಲ್ಲಿ ಮೊಮ್ಮಗ ಗಟ್ಟಿಯಾಗಿ ನಕ್ಕ. ಸಾಲದು ಎಂದರಲ್ಲ, ಅದೇ ಬಲಗೈ ಮುಂದೆ ಜಗತ್ತಿನ ದೊಡ್ಡ ದೊಡ್ಡ ಬಾಕ್ಸರುಗಳನ್ನು ಮಲಗಿಸಿದ್ದು.

“ಹಾಗಾದ್ರೆ ಸೋತಿದ್ದ!” ಎಂದ ಕೂಡಲೇ. ಹೌದು, ಸೋತಿದ್ದ. ಬೇಸ್‌ಬಾಲ್‌ನಲ್ಲಷ್ಟೇ ಅಲ್ಲ, ಬಾಕ್ಸಿಂಗ್‌ನಲ್ಲಿಯೂ ಸೋತಿದ್ದ. 49–0 ಎಂಬುದು ಹಣಕ್ಕಾಗಿ ಆಡಿದ ವೃತ್ತಿಪರ ಪಂದ್ಯಗಳ ಲೆಕ್ಕ. ಅದಕ್ಕೂ ಮುಂಚೆ ಹವ್ಯಾಸಿಯಾಗಿ ಆಡುವಾಗ ಹಲವು ಸಲ ಏಟು ತಿಂದು ಬಂದಿದ್ದ. 1948ರಲ್ಲಿ ನ್ಯೂಯಾರ್ಕಿನ ಗೋಲ್ಡನ್ ಗ್ಲೋವ್ಸ್ ಪಂದ್ಯಾವಳಿಯಲ್ಲಿ ಅವನನ್ನು ಸೋಲಿಸಿದವನು ಕೋಲಿ ವ್ಯಾಲೆಸ್ ಎಂಬ ಬಾಕ್ಸರ್. ಈ ವ್ಯಾಲೆಸ್ ನೋಡಲು ಥೇಟ್ ಜೋ ಲೂಯಿಸ್‌ನಂತೆಯೇ ಇದ್ದ. ಆ ಮಹಾ ಚಾಂಪಿಯನ್ ಲೂಯಿಸ್‌ನ ಬದುಕನ್ನು ಕುರಿತು 1953ರಲ್ಲಿ ಸಿನಿಮಾ ಬಂದಾಗ ಲೂಯಿಸ್‌ನ ಪಾತ್ರ ಮಾಡಿದವನು ಇವನೇ. ಲೂಯಿಸ್‌ನ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಗಿಡ್ಡ ಗುರು, ಗಿಡ್ಡ ತೋಳು

ರೊಕ್ಕೊನಿಗೆ ಆಲಿ ಕೊಲಂಬೊ ಎಂಬ ಬಾಲ್ಯದ ಗೆಳೆಯನಿದ್ದ. ಇವನಲ್ಲಿ ಏನೋ ಇದೆ ಎಂದು ಅವನಿಗೆ ಅನ್ನಿಸಿತ್ತು. ಇಬ್ಬರೂ ದಾರಿಯಲ್ಲಿ ಸಿಕ್ಕ ಲಾರಿ ಹತ್ತಿಕೊಂಡು ನ್ಯೂಯಾರ್ಕಿಗೆ ಹೋದರು. ಆಲ್ ವೈಲ್ ಎಂಬ ಮ್ಯಾನೇಜರ್, ಚಾರ್ಲಿ ಗೋಲ್ಡ್‌ಮನ್ ಎಂಬ ತರಬೇತುದಾರ, ಇಬ್ಬರ ಮುಂದೆ ಪರೀಕ್ಷೆ. ಗೋಲ್ಡ್‌ಮನ್ ಐದಡಿಯ ಆಸುಪಾಸಿನ ಗಿಡ್ಡ ಮನುಷ್ಯ, ತಲೆಯ ಮೇಲೆ ಸದಾ ಒಂದು ಉರುಟು ಟೋಪಿ. ತಾನೂ ಹಿಂದೆ ನೂರಾರು ಪಂದ್ಯ ಆಡಿದವನು. ನಮ್ಮ ಗರಡಿಮನೆಯ ಹಳೆಯ ಉಸ್ತಾದರನ್ನು ನೆನೆಸಿಕೊಂಡರೆ ಅವನ ಚಿತ್ರ ಕಣ್ಣ ಮುಂದೆ ಬರುತ್ತದೆ.

ಆ ಉಸ್ತಾದನ ಮುಂದೆ ನಿಂತ ಹುಡುಗನನ್ನು ನೋಡಿ. ಆಗಲೇ ವಯಸ್ಸು 24, ಬಾಕ್ಸಿಂಗ್ ಕಲಿಯಲು ಬಹಳ ತಡ. ಎತ್ತರ 5 ಅಡಿ 10 ಇಂಚು, ಹೆವಿವೇಟ್‌ಗೆ ಕಮ್ಮಿ. ತೂಕ ಸುಮಾರು 84 ಕಿಲೊ, ಅದೂ ಕಮ್ಮಿ. ಎರಡೂ ಕೈ ಚಾಚಿದರೆ ಬೆರಳ ತುದಿಯಿಂದ ಬೆರಳ ತುದಿಗೆ ಸುಮಾರು 68 ಇಂಚು. ಹೆವಿವೇಟ್ ಚಾಂಪಿಯನ್ನರಲ್ಲೆಲ್ಲ ಅತಿ ಗಿಡ್ಡ ತೋಳು ಇವನದೇ. ಜೋ ಲೂಯಿಸ್‌ನದು 76 ಇಂಚು. ಅಂದರೆ ಇವನ ಗುದ್ದು ಅವನಿಗೆ ತಲುಪುವ ಮೊದಲೇ ಅವನ ಗುದ್ದು ಇವನ ಮೂಗಿನ ಮೇಲಿರುತ್ತದೆ. ಹೆಜ್ಜೆ ಹಾಕಲು ಬಾರದು, ಸಮತೋಲ ಇಲ್ಲ. ಇದ್ದದ್ದು ಒಂದೇ, ಬಲಗೈಯ ಗುದ್ದು.

ಗೋಲ್ಡ್‌ಮನ್ ಜಾಣ. ಅವನನ್ನು ಮಿಕ್ಕವರಂತೆ ನೆಟ್ಟಗೆ ನಿಲ್ಲಿಸಲು ಹೋಗಲಿಲ್ಲ. ಗಿಡ್ಡವನಲ್ಲವೇ, ಇನ್ನೂ ಗಿಡ್ಡವನಾಗು ಎಂದ. ಮಂಡಿ ಬಾಗಿಸಿ, ಬೆನ್ನು ಬಗ್ಗಿಸಿ, ಎದುರಾಳಿಯ ಎದೆಯ ಮಟ್ಟದಲ್ಲಿ ತಲೆಯಿಟ್ಟುಕೊಂಡು ನುಗ್ಗುವುದನ್ನು ಕಲಿಸಿದ. ಉದ್ದ ತೋಳಿನವನು ಬಗ್ಗಿ ಹೊಡೆಯಬೇಕು. ಇವನು ಒಳಗೆ ನುಸುಳಿ ಕೆಳಗಿನಿಂದ ಮೇಲಕ್ಕೆ ಹೊಡೆಯಬೇಕು. ಕಾಲುಗಳು ಅತಿಯಾಗಿ ಅಗಲವಾಗದಿರಲೆಂದು ಎರಡೂ ಬೂಟಿನ ಲೇಸುಗಳನ್ನು ಗಂಟು ಹಾಕಿ ಅಭ್ಯಾಸ ಮಾಡಿಸುತ್ತಿದ್ದನಂತೆ. ರಾಕಿ ಈಜುಕೊಳದ ನೀರಿನೊಳಗೆ ನಿಂತು ಗುದ್ದುಗಳನ್ನು ಅಭ್ಯಾಸ ಮಾಡಿದ. ನೀರಿನಲ್ಲಿ ಕೈ ಬೀಸುವುದು ಎಷ್ಟು ಕಷ್ಟ ಎಂದು ಮುಂದಿನ ಸಲ ಕೆರೆಗೆ ಹೋದಾಗ ನೋಡಿ (ದೊಡ್ಡವರ ಜೊತೆಗೆ ಹೋಗಿ, ಮತ್ತೆ ನನ್ನ ಮೇಲೆ ದೂರು ಬೇಡ).

ಪಂದ್ಯಗಳು ಹೆಚ್ಚಾಗಿ ಬ್ರಾಕ್ಟನ್‌ಗೆ ಹತ್ತಿರದ ಪ್ರಾವಿಡೆನ್ಸ್ ನಗರದಲ್ಲಿ. ಅಲ್ಲಿ ಹೆಸರು ಕೂಗುವವನ ನಾಲಗೆಗೆ ‘ಮಾರ್ಕೆಜಿಯಾನೊ’ ಹೊರಳಲಿಲ್ಲ. ಹಾಗಾಗಿ ಅದು ‘ಮಾರ್ಸಿಯಾನೊ’ ಆಯಿತು, ರೊಕ್ಕೊ ‘ರಾಕಿ’ ಆದ. 1948ರ ಜುಲೈನಿಂದ ಶುರುವಾದ ಓಟ ನಿಲ್ಲಲೇ ಇಲ್ಲ. ಮೊದಲ 16 ಪಂದ್ಯಗಳೂ ನಾಕೌಟ್, ಅದರಲ್ಲಿ ಒಂಬತ್ತು ಮೊದಲ ಸುತ್ತಿನಲ್ಲೇ! ಬ್ರಾಕ್ಟನ್‌ನಿಂದ ಊರಿಗೆ ಊರೇ ಬರುತ್ತಿತ್ತು. ಕಾಡಿನಲ್ಲಿ ಮರ ಕಡಿಯುವವರು ಮರ ಉರುಳುವ ಹೊತ್ತಿಗೆ ಅಲ್ಲಿರುವವರನ್ನು ಎಚ್ಚರಿಸಲು ‘ಟಿಂಬರ್’ ಎಂದು ಕೂಗುತ್ತಾರಂತೆ. ರಾಕಿಯ ಎದುರಾಳಿ ತೂರಾಡತೊಡಗಿದರೆ ಸಾಕು, ಬ್ರಾಕ್ಟನ್ ಜನ ಒಕ್ಕೊರಲಿನಿಂದ ‘ಟಿಂಬರ್!’ ಎಂದು ಬೊಬ್ಬೆ ಹೊಡೆಯುತ್ತಿದ್ದರು. ಇದನ್ನು ಮೊಮ್ಮಗನಿಗೆ ಹೇಳಿದ್ದು ತಪ್ಪಾಯಿತು. ಆವತ್ತಿನಿಂದ ಕೇರಂ ಕಾಯಿ ಗುಂಡಿಗೆ ಬಿದ್ದಾಗಲೆಲ್ಲ ನಮ್ಮ ಮನೆಯಲ್ಲಿ ‘ಟಿಂಬರ್!’

ಆಸ್ಪತ್ರೆಯಲ್ಲಿ ಒಂದು ರಾತ್ರಿ

ಇಷ್ಟು ಹೊತ್ತೂ ನಮ್ಮ ಮನೆಯವಳು ಸೊಪ್ಪು ಬಿಡಿಸುತ್ತಾ ಸುಮ್ಮನೆ ಕೇಳುತ್ತಿದ್ದಳು. “ಒಬ್ಬರಿಗೊಬ್ಬರು ಹೊಡ್ಕೊಳ್ಳೋದೂ ಒಂದು ಆಟಾನಾ? ಆ ಬಿದ್ದೋರ ಗತಿ ಏನು?” ಎಂದಳು.

ಕೇಳಬೇಕಾದ ಪ್ರಶ್ನೆಯೇ. ಬಾಕ್ಸಿಂಗ್ ಕಥೆ ಹೇಳುವವರು ಬಿದ್ದವನನ್ನು ರಿಂಗಿನಲ್ಲೇ ಬಿಟ್ಟು ಗೆದ್ದವನ ಹಿಂದೆ ಹೊರಟುಬಿಡುತ್ತಾರೆ. ನಾನೂ ಅದೇ ಮಾಡುತ್ತಿದ್ದೆ.

1949ರ ಡಿಸೆಂಬರ್ 30. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ರಾಕಿಯ ಎದುರು ಕಾರ್ಮೈನ್ ವಿಂಗೊ, ಇಪ್ಪತ್ತು ವರ್ಷದ ಎತ್ತರದ ಹುಡುಗ. ಧೈರ್ಯವಂತ. ಬಿದ್ದರೂ ಎದ್ದು ಬಂದು ಹೊಡೆದ, ರಾಕಿಯನ್ನೂ ಅಲುಗಾಡಿಸಿದ. ಆರನೇ ಸುತ್ತಿನಲ್ಲಿ ಬಿದ್ದವನು ಮತ್ತೆ ಏಳಲಿಲ್ಲ. ತಲೆಗೆ ಬಿದ್ದ ಪೆಟ್ಟಿನಿಂದ ಪ್ರಜ್ಞೆ ತಪ್ಪಿತ್ತು. ಆಸ್ಪತ್ರೆಗೆ ಹೊತ್ತೊಯ್ದರು. ಉಳಿಯುವುದು ಅನುಮಾನ ಎಂದು ಪಾದ್ರಿಯನ್ನು ಕರೆಸಿ ಅಂತಿಮ ಪ್ರಾರ್ಥನೆಯೂ ಆಯಿತು.

ಗೆದ್ದವನೂ ಅದೇ ಆಸ್ಪತ್ರೆಯಲ್ಲಿದ್ದ. ತನ್ನ ಕೈಯಿಂದ ಒಂದು ಜೀವ ಹೋಗಿಬಿಡುತ್ತದೇನೋ ಎಂದು ಕಾಯುತ್ತಿದ್ದ. ವಿಂಗೊ ಬದುಕಿದ, ಆದರೆ ದೇಹದ ಒಂದು ಭಾಗ ಸ್ವಾಧೀನ ತಪ್ಪಿತು, ಮತ್ತೆಂದೂ ರಿಂಗ್ ಹತ್ತಲಿಲ್ಲ. ಆಸ್ಪತ್ರೆಯ ಖರ್ಚಿಗೆ ರಾಕಿ ತನ್ನ ಕೈಯಿಂದ ಹಣ ಕೊಟ್ಟ. ಮಾರನೆಯ ವರ್ಷದ ಕೊನೆಯ ದಿನ ನಡೆದ ತನ್ನ ಮದುವೆಗೆ ವಿಂಗೊನನ್ನು ಕರೆದ.

ದಾಖಲೆ ಪುಸ್ತಕದಲ್ಲಿ ಆ ರಾತ್ರಿಯೂ ಗೆಲುವೆಂದೇ ಇದೆ, 49ರಲ್ಲಿ ಒಂದು.

ಮೂರು ತಿಂಗಳ ಬಳಿಕ, 1950ರ ಮಾರ್ಚ್ 24ರಂದು, ಅದೇ ಜಾಗದಲ್ಲಿ ರೋಲಂಡ್ ಲಾ ಸ್ಟಾರ್ಜಾ ಎಂಬವನೊಂದಿಗೆ ಪಂದ್ಯ. ಅವನೂ ಅಲ್ಲಿಯವರೆಗೆ ಒಂದೂ ಸೋಲು ಕಾಣದವನು. ಹತ್ತು ಸುತ್ತು ಮುಗಿದವು. ಒಬ್ಬ ತೀರ್ಪುಗಾರ ಇವನು ಗೆದ್ದ ಎಂದ, ಇನ್ನೊಬ್ಬ ಅವನು ಗೆದ್ದ ಎಂದ. ರೆಫರಿಯ ಲೆಕ್ಕದಲ್ಲಿ ಐದು ಸುತ್ತು ಇವನಿಗೆ, ಐದು ಅವನಿಗೆ. ಕಡೆಗೆ ಹೆಚ್ಚುವರಿ ಅಂಕಗಳನ್ನು ಕೂಡಿಸಿ ರಾಕಿ ಗೆದ್ದನೆಂದರು. ಒಬ್ಬ ಮನುಷ್ಯನ ಪೆನ್ಸಿಲ್ ಸ್ವಲ್ಪ ಆಚೀಚೆ ಆಗಿದ್ದರೆ ನಾನಿವತ್ತು ಈ ಕಥೆ ಹೇಳುತ್ತಿರಲಿಲ್ಲ.

ಹೀರೊ ಬಿದ್ದ ರಾತ್ರಿ

ಈಗ ಜೋ ಲೂಯಿಸ್‌ಗೆ ಬರೋಣ. 1937ರಿಂದ 1949ರವರೆಗೆ, ಹನ್ನೆರಡು ವರ್ಷ ಹತ್ತಿರ ಜಗತ್ತಿನ ಹೆವಿವೇಟ್ ಚಾಂಪಿಯನ್ ಆಗಿದ್ದವನು. 25 ಸಲ ಪಟ್ಟ ಉಳಿಸಿಕೊಂಡವನು. ಆ ಕಾಲದ ಅಮೆರಿಕದ ಹುಡುಗರಿಗೆಲ್ಲ ಅವನು ಹೀರೊ, ರಾಕಿಗೂ ಅಷ್ಟೇ. ಯುದ್ಧದ ಸಮಯದಲ್ಲಿ ಪಂದ್ಯಗಳ ಹಣವನ್ನು ಸೈನಿಕರ ಪರಿಹಾರ ನಿಧಿಗೆ ಕೊಟ್ಟಿದ್ದ ಲೂಯಿಸ್, ಯುದ್ಧ ಮುಗಿದ ಮೇಲೆ ತೆರಿಗೆ ಬಾಕಿಯಲ್ಲಿ ಕತ್ತಿನವರೆಗೆ ಮುಳುಗಿದ್ದ. ನಿವೃತ್ತಿಯಾದವನು ಸಾಲ ತೀರಿಸಲು ಮತ್ತೆ ಕೈಗವಸು ತೊಡಬೇಕಾಯಿತು. ಕೂದಲು ತೆಳುವಾಗಿತ್ತು, ಕಾಲು ಮೊದಲಿನಂತೆ ಓಡುತ್ತಿರಲಿಲ್ಲ. ವಯಸ್ಸು 37.

1951ರ ಅಕ್ಟೋಬರ್ 26ರಂದು ಇಬ್ಬರೂ ಎದುರುಬದುರಾದರು. ಎಂಟನೇ ಸುತ್ತಿನಲ್ಲಿ ರಾಕಿಯ ಎಡಗೈ ಗುದ್ದಿಗೆ ಲೂಯಿಸ್ ಬಿದ್ದ, ಎಂಟು ಎಣಿಸುವಾಗ ಎದ್ದ. ಆಮೇಲೆ ಬಂತು ಬಲಗೈ. ಆ ಮಹಾ ಕಾಯ ಹಗ್ಗಗಳ ನಡುವಿನಿಂದ ಆಚೆಗೆ ಉರುಳಿತು. ರೆಫರಿ ಎಣಿಸಲೂ ಹೋಗಲಿಲ್ಲ, ಪಂದ್ಯ ನಿಲ್ಲಿಸಿದ. ಮರಳಿ ಬಂದ ಲೂಯಿಸ್‌ನ ಕೊನೆಯ ಪಂದ್ಯ ಅದು.

ರಾಕಿ ಏನು ಮಾಡಿದ ಗೊತ್ತೇ? ಲೂಯಿಸ್‌ನ ಡ್ರೆಸ್ಸಿಂಗ್ ರೂಮಿಗೆ ಹೋಗಿ ಅತ್ತ.

“ಗೆದ್ದು ಯಾಕೆ ಅಳ್ತಾನೆ?” ಮೊಮ್ಮಗನಿಗೆ ಅರ್ಥವಾಗಲಿಲ್ಲ. ಅವನ ಅಜ್ಜಿಗೆ ಆಯಿತು. ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು ಕೂತಳು.

ಹದಿಮೂರನೇ ಸುತ್ತು

ಎರಡನೆಯ ಸಂಜೆ ಮೂವರೂ ಫೋನಿನಲ್ಲಿ ಹಳೆಯ ಕಪ್ಪು–ಬಿಳುಪು ಚಿತ್ರ ಹಾಕಿಕೊಂಡು ಕೂತೆವು. 1952ರ ಸೆಪ್ಟೆಂಬರ್ 23, ಫಿಲಡೆಲ್ಫಿಯಾದ ದೊಡ್ಡ ಮೈದಾನ. ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್. 38 ವರ್ಷವಾದರೂ ನಡೆ ನವಿಲಿನಂತೆ. ರಾಕಿ ಅಲ್ಲಿಯವರೆಗೆ ಆಡಿದ್ದ 42 ಪಂದ್ಯಗಳಲ್ಲಿ ಒಮ್ಮೆಯೂ ನೆಲಕ್ಕೆ ಬಿದ್ದವನಲ್ಲ. ವಾಲ್ಕಾಟ್ ಮೊದಲ ಸುತ್ತಿನಲ್ಲೇ ಎಡಗೈಯಿಂದ ಅವನನ್ನು ಕೂರಿಸಿಬಿಟ್ಟ. ಎದ್ದ. ಮಧ್ಯೆ ಕಣ್ಣಿಗೆ ಏನೋ ತಗಲಿ ಉರಿ ಹತ್ತಿ ಎರಡು ಮೂರು ಸುತ್ತು ಸರಿಯಾಗಿ ಕಾಣಲೇ ಇಲ್ಲ. ಅದು ಯಾರ ಕಡೆಯ ಔಷಧ ಎಂಬ ಜಗಳ ಬಹಳ ಕಾಲ ನಡೆಯಿತು. ಹುಬ್ಬು ಒಡೆಯಿತು, ನೆತ್ತಿ ಒಡೆಯಿತು. ಹನ್ನೆರಡು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಕಾಗದದಲ್ಲೂ ರಾಕಿ ಹಿಂದೆ. ಇದ್ದದ್ದು ಒಟ್ಟು ಹದಿನೈದೇ ಸುತ್ತು. ವಾಲ್ಕಾಟ್ ಇನ್ನು ಮೂರು ಸುತ್ತು ದೂರ ದೂರ ನಿಂತು ಕಳೆದರೂ ಸಾಕಿತ್ತು.

ಹದಿಮೂರನೇ ಸುತ್ತು ಶುರುವಾಗಿ ಇನ್ನೂ ಒಂದು ನಿಮಿಷವೂ ಆಗಿರಲಿಲ್ಲ. ವಾಲ್ಕಾಟ್ ಹಿಂದೆ ಸರಿಯುತ್ತಾ ಹಗ್ಗಕ್ಕೆ ಬೆನ್ನು ಕೊಟ್ಟ. ಇಬ್ಬರೂ ಒಂದೇ ಗಳಿಗೆಯಲ್ಲಿ ಬಲಗೈ ಎತ್ತಿದರು. ರಾಕಿಯದು ಮೊದಲು ತಲುಪಿತು. ಒಂದಡಿ ಬಂದಿತೋ ಇಲ್ಲವೋ ಆ ಗುದ್ದು. ಬೀಸಿ ಹೊಡೆದದ್ದೇ ಅಲ್ಲ. ವಾಲ್ಕಾಟ್‌ನ ಎಡಗೈ ಮಧ್ಯದ ಹಗ್ಗಕ್ಕೆ ಸಿಕ್ಕಿಕೊಂಡಿತು. ಅವನು ಮೊಣಕಾಲೂರಿ, ಪ್ರಾರ್ಥನೆಗೆ ಕೂತವನಂತೆ, ಹಾಗೇ ಕುಸಿದ.

ನಾವು ಅದನ್ನು ನಾಲ್ಕು ಸಲ ತಿರುಗಿಸಿ ನೋಡಿದೆವು. ನಾಲ್ಕು ಸಲವೂ ಗುದ್ದು ಕಣ್ಣಿಗೆ ಸರಿಯಾಗಿ ಸಿಗಲಿಲ್ಲ, ಅಷ್ಟು ಚಿಕ್ಕದು.

ಹೀಗೆ ಗಿಡ್ಡ ತೋಳಿನ ಬೂಟಿನ ಊರಿನ ಹುಡುಗ ಜಗತ್ತಿನ ಚಾಂಪಿಯನ್ ಆದ. ಆಮೇಲೆ ಆರು ಸಲ ಪಟ್ಟ ಉಳಿಸಿಕೊಂಡ. ವಾಲ್ಕಾಟ್ ಮರುಪಂದ್ಯದಲ್ಲಿ ಒಂದು ಸುತ್ತೂ ನಿಲ್ಲಲಿಲ್ಲ. ಲಾ ಸ್ಟಾರ್ಜಾ ಮತ್ತೆ ಬಂದ, ಈ ಸಲ ತೀರ್ಪುಗಾರರ ಪೆನ್ಸಿಲ್ಲಿಗೆ ಕೆಲಸವಿರಲಿಲ್ಲ. ಹನ್ನೊಂದನೇ ಸುತ್ತಿನಲ್ಲಿ ಮುಗಿಯಿತು. ಎಜರ್ಡ್ ಚಾರ್ಲ್ಸ್ ಒಬ್ಬನೇ ಅವನೆದುರು ಪೂರ್ತಿ ಹದಿನೈದು ಸುತ್ತು ನಿಂತವನು, 1954ರ ಜೂನ್‌ನಲ್ಲಿ. ಮೂರು ತಿಂಗಳ ಬಳಿಕ ಅವರಿಬ್ಬರ ಎರಡನೇ ಪಂದ್ಯದಲ್ಲಿ ರಾಕಿಯ ಮೂಗಿನ ಹೊಳ್ಳೆಯೇ ಸೀಳಿಹೋಯಿತು. ರಕ್ತ ನಿಲ್ಲುತ್ತಿಲ್ಲ. ಮೂಲೆಯಲ್ಲಿದ್ದವರು ಮಾಡುವುದೆಲ್ಲ ಮಾಡಿದರು. ರೆಫರಿ ಯಾವ ಕ್ಷಣದಲ್ಲಾದರೂ ಸಾಕು ಎನ್ನಬಹುದಿತ್ತು, ಅಂದರೆ ಸೋಲು. ಎಂಟನೇ ಸುತ್ತಿನಲ್ಲಿ ಚಾರ್ಲ್ಸ್‌ನನ್ನು ಬೀಳಿಸಿ ಹೇಗೋ ಆ ಸೊನ್ನೆಯನ್ನು ಉಳಿಸಿಕೊಂಡ.

ಅವನು ಗೆದ್ದದ್ದೆಲ್ಲ ಮುದುಕರ ಮೇಲೆ ಎನ್ನುವವರೂ ಇದ್ದಾರೆ. ಲೂಯಿಸ್‌ಗೆ 37, ವಾಲ್ಕಾಟ್‌ಗೆ 38, ಕೊನೆಯ ಎದುರಾಳಿ ಆರ್ಚಿ ಮೂರ್‌ಗೂ ಅಷ್ಟೇ ಆಗಿತ್ತು. ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಆ ಕಾಲದಲ್ಲಿ ಎದುರು ನಿಲ್ಲಬಲ್ಲ ಒಳ್ಳೆಯ ಬಾಕ್ಸರುಗಳೆಲ್ಲರ ಜೊತೆಯೂ ಅವನು ಆಡಿದ, ಸೋತವರು ಕೇಳಿದಾಗ ಮತ್ತೆ ಆಡಿದ. ಸೊನ್ನೆ ಉಳಿಸಿಕೊಳ್ಳಲು ಯಾರಿಂದಲೂ ತಪ್ಪಿಸಿಕೊಂಡು ತಿರುಗಲಿಲ್ಲ. ನನಗೆ ಅದು ಸಾಕು.

“ಇದನ್ನೆಲ್ಲ ಅವನ ತಾಯಿ ಹೇಗೆ ನೋಡ್ತಿದ್ಲೋ!” ಎಂದಳು ನಮ್ಮವಳು.

ನೋಡಲಿಲ್ಲ. ಪಾಸ್ಕ್ವಲೀನಾ ಮಗನ ಒಂದು ಪಂದ್ಯವನ್ನೂ ನೋಡಲಿಲ್ಲವಂತೆ. ಪಂದ್ಯದ ರಾತ್ರಿ ಚರ್ಚಿಗೆ ಹೋಗಿ ಪ್ರಾರ್ಥನೆ ಮಾಡುತ್ತಾ ಇರುತ್ತಿದ್ದಳು. ಗೆಲ್ಲಲಿ ಎಂದಷ್ಟೇ ಅಲ್ಲ, ಇಬ್ಬರಿಗೂ ಏನೂ ಆಗದಿರಲಿ ಎಂದೂ ಬೇಡಿರಬೇಕು. ತಾಯಂದಿರು ಹಾಗೆಯೇ ತಾನೇ?

“ಸಾಕು”

1955ರ ಸೆಪ್ಟೆಂಬರ್ 21. ಯಾಂಕಿ ಸ್ಟೇಡಿಯಂನಲ್ಲಿ 61,574 ಜನ. ಆರ್ಚಿ ಮೂರ್ ಎರಡನೇ ಸುತ್ತಿನಲ್ಲೇ ರಾಕಿಯನ್ನು ಬೀಳಿಸಿದ. ರಾಕಿ ಎದ್ದು, ಒಂಬತ್ತನೇ ಸುತ್ತಿನಲ್ಲಿ ಮೂರ್‌ನನ್ನು ಮಲಗಿಸಿದ. ಅದು 49ನೆಯದು.

ಆಗ ಅವನಿಗೆ 32 ವರ್ಷ. ಇನ್ನೂ ಎರಡು ಮೂರು ವರ್ಷ ಆಡಬಹುದಿತ್ತು. ಹಣ ಸುರಿಯುತ್ತಿತ್ತು, 50 ಎಂಬ ಗುಂಡು ಸಂಖ್ಯೆ ಎದುರಿಗೇ ಇತ್ತು. ಆದರೆ ಪ್ರತಿ ಪಂದ್ಯಕ್ಕೂ ತಿಂಗಳುಗಟ್ಟಲೆ ಮನೆ ಬಿಟ್ಟು ಬೆಟ್ಟದ ತರಬೇತಿ ಶಿಬಿರದಲ್ಲಿರಬೇಕು. ಹೆಂಡತಿ ಬಾರ್ಬರಾ ಒಬ್ಬಳೇ. ಮಗಳು ಮೇರಿ ಆ್ಯನ್ ಅಪ್ಪನನ್ನು ನೋಡದೆ ಬೆಳೆಯುತ್ತಿದ್ದಳು. ಬೆನ್ನು ನೋಯುತ್ತಿತ್ತು. ಗಳಿಕೆಯಲ್ಲಿ ಅರ್ಧ ಮ್ಯಾನೇಜರ್ ಪಾಲಾಗುತ್ತಿತ್ತು, ಆ ಅಸಮಾಧಾನವೂ ಇತ್ತು. ಇಷ್ಟೆಲ್ಲದರ ಹಿಂದೆ ಹಗ್ಗದಾಚೆಗೆ ಉರುಳಿದ ಲೂಯಿಸ್‌ನ ಚಿತ್ರ ಇರಲಿಲ್ಲವೆಂದರೆ ನಾನಂತೂ ನಂಬುವುದಿಲ್ಲ. 1956ರ ಏಪ್ರಿಲ್ 27ರಂದು, ಮನೆಯವರ ಜೊತೆ ಇರಬೇಕು ಎಂದು ಹೇಳಿ ನಿವೃತ್ತನಾದ.

ನಿವೃತ್ತಿ ಘೋಷಿಸುವುದು ಸುಲಭ, ಹಾಗೇ ಇರುವುದು ಕಷ್ಟ. ಓದುಗರಲ್ಲಿ ನಿವೃತ್ತರಾದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. 1959ರಲ್ಲಿ ಸ್ವೀಡನ್ನಿನ ಇಂಗೆಮಾರ್ ಯೊಹಾನ್ಸನ್ ಚಾಂಪಿಯನ್ ಆದಾಗ ರಾಕಿಗೂ ಕೈ ತುರಿಸಿತು. ಯಾರಿಗೂ ಹೇಳದೆ ಒಂದು ತಿಂಗಳಷ್ಟು ಕಾಲ ಅಭ್ಯಾಸ ಮಾಡಿ ನೋಡಿದ. ಮೈ ಹೇಳಿದ್ದನ್ನು ಕೇಳಿಸಿಕೊಂಡು ಸುಮ್ಮನೆ ಮನೆಗೆ ಹೋದ.

ಆದರೂ ಐವತ್ತನೆಯ ಪಂದ್ಯವೊಂದು ನಡೆಯಿತು, ಸುಳ್ಳು ಪಂದ್ಯ! 1969ರಲ್ಲಿ ಒಬ್ಬ ನಿರ್ಮಾಪಕನಿಗೆ ಒಂದು ಯೋಚನೆ ಬಂತು. ಮಾರ್ಸಿಯಾನೊ ಮತ್ತು ಮಹಮದ್ ಅಲಿ ಆಡಿದ್ದರೆ ಯಾರು ಗೆಲ್ಲುತ್ತಿದ್ದರು? ಇಬ್ಬರ ಗುಣದೋಷಗಳನ್ನೂ ಕಂಪ್ಯೂಟರಿಗೆ ತುಂಬಿಸಿ ಉತ್ತರ ಕೇಳುವುದು. ಅಲಿ ಆಗ ಯುದ್ಧಕ್ಕೆ ಹೋಗಲೊಲ್ಲೆ ಎಂದದ್ದಕ್ಕೆ ಪಟ್ಟ ಕಳೆದುಕೊಂಡು ಮನೆಯಲ್ಲಿದ್ದ. ಅವನೂ ಅಲ್ಲಿಯವರೆಗೆ ಒಂದೂ ಸೋಲು ಕಾಣದವನು. ರಾಕಿ ಸುಮಾರು 23 ಕಿಲೊ ತೂಕ ಇಳಿಸಿ, ತಲೆಗೆ ಕೃತಕ ಕೂದಲು ಹಾಕಿಕೊಂಡು ಮಯಾಮಿಗೆ ಬಂದ. ಸ್ಟುಡಿಯೋದಲ್ಲಿ ಇಬ್ಬರೂ ಒಂದೊಂದು ನಿಮಿಷದ ಎಪ್ಪತ್ತಕ್ಕೂ ಹೆಚ್ಚು ಸುತ್ತು ಆಡುವಂತೆ ನಟಿಸಿದರು. ಅಂತ್ಯವನ್ನು ಬೇರೆ ಬೇರೆ ಬಗೆಯಲ್ಲಿ ಚಿತ್ರಿಸಿಕೊಂಡರು. ಯಾವುದು ತೆರೆಗೆ ಬರುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

1970ರ ಜನವರಿಯಲ್ಲಿ ಅದು ಅಮೆರಿಕದ ಚಿತ್ರಮಂದಿರಗಳಲ್ಲಿ ತೆರೆಕಂಡಾಗ ಹದಿಮೂರನೇ ಸುತ್ತಿನಲ್ಲಿ ಮಾರ್ಸಿಯಾನೊ ಗೆದ್ದ. ಅದೇ ಹದಿಮೂರು! ನೋಡಲು ಅವನಿರಲಿಲ್ಲ. ಚಿತ್ರೀಕರಣ ಮುಗಿದ ಮೂರು ವಾರಕ್ಕೆ, 1969ರ ಆಗಸ್ಟ್ 31ರ ರಾತ್ರಿ, ಅಯೋವಾ ರಾಜ್ಯದಲ್ಲಿ ಅವನಿದ್ದ ಪುಟ್ಟ ವಿಮಾನ ಕೆಟ್ಟ ಹವೆಗೆ ಸಿಕ್ಕಿ ಹೊಲವೊಂದರ ಓಕ್ ಮರಕ್ಕೆ ಬಡಿಯಿತು. ಅದರಲ್ಲಿದ್ದ ಮೂವರೂ ತೀರಿಕೊಂಡರು. ಬೆಳಗಾದರೆ ರಾಕಿಯ 46ನೇ ಹುಟ್ಟುಹಬ್ಬ. ಮನೆಯಲ್ಲಿ ಅದಕ್ಕೆ ಸಿದ್ಧತೆಯಾಗಿತ್ತು.

ಅಂತ್ಯಸಂಸ್ಕಾರಕ್ಕೆ ಜೋ ಲೂಯಿಸ್ ಬಂದಿದ್ದ. ಬಗ್ಗಿ ಶವಪೆಟ್ಟಿಗೆಗೆ ಮುತ್ತಿಟ್ಟ.

ಮೊಮ್ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನ ಬುದ್ಧಿ ಮತ್ತೆ ಅಂಕಿಗೇ ಬಂತು. “ಆ ದಾಖಲೆ ಯಾರೂ ಮುರೀಲಿಲ್ವಾ?” ಲ್ಯಾರಿ ಹೋಮ್ಸ್ ಎಂಬ ಹೆವಿವೇಟ್ ಚಾಂಪಿಯನ್ 48–0 ತನಕ ಬಂದ. ಸರಿಗಟ್ಟಲು ಒಂದೇ ಬಾಕಿ. ಆ ಒಂದರಲ್ಲಿ ಮೈಕಲ್ ಸ್ಪಿಂಕ್ಸ್‌ಗೆ ಸೋತ. ತಾರೀಖು ನೋಡಿ: 1985ರ ಸೆಪ್ಟೆಂಬರ್ 21. ರಾಕಿ ತನ್ನ ಕೊನೆಯ ಪಂದ್ಯ ಗೆದ್ದು ಆ ದಿನಕ್ಕೆ ಸರಿಯಾಗಿ ಮೂವತ್ತು ವರ್ಷ! ಸೋತ ಸಂಕಟದಲ್ಲಿ ಹೋಮ್ಸ್ ತೀರಿಹೋದ ರಾಕಿಯ ಬಗ್ಗೆ ಒರಟಾಗಿ ಮಾತಾಡಿದ. ರಾಕಿಯ ತಮ್ಮ ಪೀಟರ್ ಅಲ್ಲೇ ಇದ್ದ. ಹೋಮ್ಸ್ ಆಮೇಲೆ ಕ್ಷಮೆ ಕೇಳಿದ. ಅವನದೂ ಬೋರ್ಡು ಅಲ್ಲಾಡಿಸುವ ಜಾತಿಯೇ ಎಂದು ಹೇಳಲು ಹೋಗಿ ನಾನು ನಾಲಗೆ ಕಚ್ಚಿಕೊಂಡೆ.

2017ರಲ್ಲಿ ಫ್ಲಾಯ್ಡ್ ಮೇವೆದರ್ 50–0 ಮಾಡಿದ. ಆದರೆ ಅವನು ಹೆವಿವೇಟ್ ಅಲ್ಲ, ಕಡಿಮೆ ತೂಕದ ವರ್ಗಗಳವನು. ಐವತ್ತನೆಯ ಎದುರಾಳಿ ಕಾನರ್ ಮೆಕ್‌ಗ್ರೆಗರ್, ಬೇರೊಂದು ಬಗೆಯ ಕಾದಾಟದಲ್ಲಿ ಹೆಸರಾದವನು. ಅದಕ್ಕೆ ಮುಂಚೆ ಒಂದೂ ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡಿರಲಿಲ್ಲ. ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ನಮ್ಮ ಮನೆಯಲ್ಲಿ ತಾತ–ಮೊಮ್ಮಗನ ನಡುವೆ ಇನ್ನೂ ತೀರ್ಮಾನವಾಗಿಲ್ಲ. ಅವನು ಬರುತ್ತದೆ ಎನ್ನುತ್ತಾನೆ, ನಾನು ಇಲ್ಲ ಎನ್ನುತ್ತೇನೆ.

ಬ್ರಾಕ್ಟನ್‌ನಲ್ಲಿ ರಾಕಿ ಹತ್ತನೇ ತರಗತಿಗೆ ಬಿಟ್ಟುಬಂದ ಆ ಹೈಸ್ಕೂಲಿನ ಕ್ರೀಡಾಂಗಣಕ್ಕೆ ಈಗ ಅವನದೇ ಹೆಸರು. ಅಲ್ಲಿ 2012ರಲ್ಲಿ, ವಾಲ್ಕಾಟ್‌ನನ್ನು ಗೆದ್ದ ಅರವತ್ತನೇ ವರ್ಷಕ್ಕೆ, ಇಪ್ಪತ್ತಡಿಗೂ ಎತ್ತರದ ಕಂಚಿನ ಪ್ರತಿಮೆ ನಿಲ್ಲಿಸಿದ್ದಾರೆ. ಗಿಡ್ಡ ತೋಳಿನವನು ಅಲ್ಲಿ ಆಳೆತ್ತರಕ್ಕೆ ಮೂರು ಪಟ್ಟು ಬೆಳೆದಿದ್ದಾನೆ.

ರಜೆ ಮುಗಿದು ಊರಿಗೆ ಹೊರಡುವ ಹಿಂದಿನ ರಾತ್ರಿ ಮೊಮ್ಮಗ ಆ ಹದಿಮೂರನೇ ಸುತ್ತನ್ನು ಇನ್ನೊಮ್ಮೆ ಹಾಕು ಎಂದ. ಹಾಕಿದೆ. ವಾಲ್ಕಾಟ್ ಹಿಂದೆ ಹಿಂದೆ ಸರಿದು ಹಗ್ಗದ ಹತ್ತಿರ ಬರುವಾಗ ನಮ್ಮವಳು ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಂದಲೇ ಕೇಳಿದಳು: “ಆಯ್ತಾ? ಬರಬಹುದಾ?”